ಹೆಡ್‌ಲೈಟಿನ ಮಬ್ಬು: ತಿಕ್ಕಿದರೆ ಅರ್ಧ ಕೆಲಸ

ಆಯುಧಪೂಜೆಯ ಹಿಂದಿನ ಸಂಜೆ ಮೈಸೂರಿನ ಯಾವ ಬಡಾವಣೆಗೆ ಹೋದರೂ ಮನೆ ಮುಂದೆ ಬಕೆಟ್ಟು, ಪೈಪು, ಸೋಪಿನ ನೊರೆ. ವರ್ಷವಿಡೀ ಧೂಳು ಹೊತ್ತ ಕಾರಿಗೆ ಅಂದು ಅಭ್ಯಂಜನ. ಟೈರಿಗೆ ಬ್ರಷ್ಷು, ಕಿಟಕಿಗೆ ಹಳೆಯ ಪೇಪರು, ಕೊನೆಗೆ ಮುಂದಿನ ದೀಪಗಳ ಸರದಿ. ಅವು ಹಳದಿಯಾಗಿವೆ. ಬೆಳಗಾದರೆ ಅವಕ್ಕೂ ಗಂಧ, ಕುಂಕುಮ ಆಗಬೇಕು, ಹೊಳೆಯದಿದ್ದರೆ ಹೇಗೆ? ಯಾರೋ ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಂದುಕೊಡುತ್ತಾರೆ. ಗಟ್ಟಿಯಾಗಿ ಎರಡು ನಿಮಿಷ ಉಜ್ಜಿದರೆ, ಒದ್ದೆಯಾಗಿರುವಷ್ಟು ಹೊತ್ತು ಫಳಫಳ. ಒಣಗಿದ ಮೇಲೆ ಮೊದಲಿಗಿಂತ ಮಬ್ಬು, ಜೊತೆಗೆ ಸುತ್ತುಸುತ್ತಾದ ಗೀರುಗಳು ಬೇರೆ. ‘ಗ್ಲಾಸ್ ಸ್ಕ್ರ್ಯಾಚ್ ಆಗಿದೆ, ಇಡೀ ಲೈಟೇ ಬದಲಾಯಿಸಬೇಕು ಸಾರ್’ ಅನ್ನುವ ಗ್ಯಾರೇಜಿನ ಮಾತಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ.

ಬದಲಾಯಿಸಲೇಬೇಕಿಲ್ಲ. ಹೆಚ್ಚಿನ ಕಾರುಗಳಲ್ಲಿ ಈ ಮಬ್ಬನ್ನು ಮನೆಯಲ್ಲೇ, ಕೆಲವು ನೂರು ರೂಪಾಯಿಯ ಸಾಮಾನಿನಲ್ಲಿ ತೆಗೆಯಬಹುದು. ಆದರೆ ಅದನ್ನು ಹೇಳಿಕೊಡುವ ವಿಡಿಯೋಗಳೆಲ್ಲ ಒಂದು ಕಡೆ ಬೇಗ ಮುಗಿದುಬಿಡುತ್ತವೆ: ದೀಪ ತಿಳಿಯಾಗಿ ಹೊಳೆಯುವ ಕ್ಷಣಕ್ಕೆ. ನಿಜವಾದ ದುರಸ್ತಿ ಶುರುವಾಗುವುದೇ ಅಲ್ಲಿಂದ ಮುಂದೆ.

ಈಗಿನ ಕಾರುಗಳ ದೀಪದ ಮುಖಕ್ಕಿರುವುದು ಗಾಜಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ದುಂಡು ದೀಪಗಳು ಗಾಜಿನವಾಗಿದ್ದವು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಇಟ್ಟಿರುವ ‘ಪಯಣ’ಕ್ಕೆ ಹೋದವರು ಬಾನೆಟ್ಟು, ಸೀಟು, ಸ್ಟೀರಿಂಗು ನೋಡಿ ಬೆರಗಾಗಿ ಬರುತ್ತಾರೆ. ಇನ್ನೊಮ್ಮೆ ಹೋದರೆ ದೀಪಗಳನ್ನೂ ನೋಡಿ. ಒಡೆಯದೆ ಉಳಿದ ಗಾಜು ಎಷ್ಟು ದಶಕ ಕಳೆದರೂ ಹಳದಿಯಾಗುವುದಿಲ್ಲ. ಒಳಗಿನ ಪ್ರತಿಫಲಕ ಮಾಸಬಹುದು, ಮುಖ ಮಾಸದು.

ಹಾಗಿದ್ದರೆ ಗಾಜನ್ನು ಬಿಟ್ಟದ್ದೇಕೆ? 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ತಿಳಿಯದೆ ಈ ಪ್ಲಾಸ್ಟಿಕ್ಕನ್ನು ತಯಾರಿಸಿದರು. ಗಾಜಿನ ಅರ್ಧದಷ್ಟೂ ತೂಕವಿಲ್ಲ, ಕಲ್ಲು ಬಡಿದರೆ ಒಡೆಯುವುದಿಲ್ಲ, ಬೇಕಾದ ವಕ್ರಕ್ಕೆ ಅಚ್ಚು ಹೊಯ್ಯಬಹುದು. ಮೂಲೆಯಲ್ಲಿ ಬಿದ್ದಿರುವ ಹಳೆಯ ಸಿ.ಡಿ.ಗಳೂ ಇದರವೇ. ಅಮೆರಿಕದಲ್ಲಿ 1940ರಿಂದ ಎಲ್ಲ ಕಾರುಗಳಿಗೂ ಗೊತ್ತುಪಡಿಸಿದ ಅಳತೆಯ ಮುಚ್ಚಿದ ಗಾಜಿನ ದೀಪ ಎಂಬ ಕಟ್ಟುಪಾಡಿತ್ತು. ಫೋರ್ಡ್ ಕಂಪನಿ ಮನವಿ ಮಾಡಿಕೊಂಡ ಮೇಲೆ 1983ರಲ್ಲಿ ಅದು ಸಡಿಲವಾಯಿತು. ಮರುವರ್ಷದ ಮಾಡೆಲ್ಲಾದ ಲಿಂಕನ್ ಮಾರ್ಕ್ 7 ಪ್ಲಾಸ್ಟಿಕ್ ಮುಖದ ದೀಪದೊಂದಿಗೆ ಬಂತು. ಆಮೇಲೆ ಕಾರಿನ ವಿನ್ಯಾಸಗಾರರನ್ನು ಹಿಡಿಯುವವರಿರಲಿಲ್ಲ. ದೀಪ ಬೆಕ್ಕಿನ ಕಣ್ಣಾಯಿತು, ಬಾನೆಟ್ಟಿನ ಮೇಲಕ್ಕೂ ಹತ್ತಿತು. ಬಾನೆಟ್ಟಿನ ಮೇಲಕ್ಕೆ ಹತ್ತಿದ ದೀಪ ಆಕಾಶಕ್ಕೆ ಮುಖ ಮಾಡಿತು ಎನ್ನುವುದನ್ನು ಆಗ ಯಾರೂ ದೊಡ್ಡದಾಗಿ ಎಣಿಸಲಿಲ್ಲ.

ಪಾಲಿಕಾರ್ಬನೇಟಿಗೆ ಎರಡು ದೌರ್ಬಲ್ಯ. ಅದರ ಮೈ ಮೃದು, ಉಗುರು ಬಲವಾಗಿ ಎಳೆದರೂ ಗುರುತು ಬೀಳುವಷ್ಟು. ಎರಡನೆಯದು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಅದರ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತದೆ. ತುಂಡಾದ ತುದಿಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀಲಿ ಬೆಳಕನ್ನು ನುಂಗುವ ಹೊಸ ಪದಾರ್ಥಗಳಾಗುತ್ತವೆ. ನೀಲಿ ಕಳೆದರೆ ಕಣ್ಣಿಗೆ ಉಳಿಯುವುದು ಹಳದಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಿಪೆಟ್ ಇದೆ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಭಾಗವೇ ಇದೆ. ಅಲ್ಲಿ ಓದುವ ಮಕ್ಕಳಿಗೆ ಇದೇನೂ ಹೊಸ ವಿಷಯವಲ್ಲ. ಕಾರು ತಯಾರಿಸುವವರಿಗೂ ಗೊತ್ತು. ಅದಕ್ಕೇ ದೀಪದ ಹೊರಮೈಗೆ ಗಡಸಾದ, ಅತಿನೇರಳೆಯನ್ನು ತಡೆಯುವ ಪಾರದರ್ಶಕ ಲೇಪವೊಂದನ್ನು ಹಾಕಿರುತ್ತಾರೆ. ಅದರ ದಪ್ಪ ಸುಮಾರು 10 ಮೈಕ್ರಾನ್. ತಲೆಗೂದಲು 70 ಮೈಕ್ರಾನಿನ ಆಸುಪಾಸು ಇರುತ್ತದೆ ಎಂದರೆ ಇದೆಷ್ಟು ತೆಳುವೆಂದು ಅಂದಾಜಾದೀತು. ನಾವು ಹಳದಿ, ಮಬ್ಬು, ಗೀರು, ಸಿಪ್ಪೆ ಎಂದೆಲ್ಲ ಕರೆಯುವುದು ಬಹುಪಾಲು ಈ ಲೇಪ ಸತ್ತುಬಿದ್ದಿರುವ ಸ್ಥಿತಿಯನ್ನೇ.

ಮೈಸೂರಿನಲ್ಲಿ ಅದು ಬೇಗ ಸಾಯುವುದಕ್ಕೆ ಕಾರಣಗಳಿವೆ. ಊರು ತಂಪು ಎಂಬ ಹೆಮ್ಮೆ ನಮಗಿದೆ, ಅತಿನೇರಳೆಗೂ ತಂಪಿಗೂ ಸಂಬಂಧವಿಲ್ಲ. 12 ಡಿಗ್ರಿ ಉತ್ತರ ಅಕ್ಷಾಂಶ, ಸಮುದ್ರಮಟ್ಟದಿಂದ 750 ಮೀಟರಿಗೂ ಹೆಚ್ಚು ಎತ್ತರ. ಏಪ್ರಿಲ್ ಮೂರನೇ ವಾರ ಕಳೆದ ಮೇಲೊಮ್ಮೆ, ಆಗಸ್ಟಿನ ಮೂರನೇ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಕುವೆಂಪುನಗರವಿರಲಿ, ವಿಜಯನಗರವಿರಲಿ, ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮುಗಿಸಿದ ಮೇಲೆ ಕಾರಿಗೆ ಉಳಿಯುವುದು ರಸ್ತೆ. ಅಲ್ಲೂ ಅದೇ ಜಾಗ, ಅದೇ ದಿಕ್ಕು. ಪಕ್ಕದ ಮನೆಯವರು ಒಪ್ಪಿದ ಗಡಿಯೊಳಗೆ. ನಿಮ್ಮ ಬೀದಿಯ ಕಾರುಗಳ ಎರಡು ದೀಪಗಳನ್ನು ಹೋಲಿಸಿ ನೋಡಿ. ಅನೇಕ ಕಾರುಗಳಲ್ಲಿ ಒಂದು ದೀಪ ಇನ್ನೊಂದಕ್ಕಿಂತ ಹೆಚ್ಚು ಹಳದಿಯಾಗಿರುತ್ತದೆ. ಮಧ್ಯಾಹ್ನದ ಬಿಸಿಲು ಬೀಳುವ ಬದಿ ಅದು. ಎರಡಕ್ಕೂ ವಯಸ್ಸು ಒಂದೇ, ಓಡಿದ ಕಿಲೋಮೀಟರೂ ಒಂದೇ.

ಬಿಸಿಲು ಬಡಿದು ದುರ್ಬಲವಾದ ಲೇಪವನ್ನು ಮುಗಿಸುವವರು ನಾವು. ರಸ್ತೆಯ ಧೂಳಿನಲ್ಲಿ ಸ್ಫಟಿಕಶಿಲೆಯ ಸಣ್ಣ ಹರಳುಗಳಿರುತ್ತವೆ. ಅವು ಯಾವ ಪ್ಲಾಸ್ಟಿಕ್ಕಿಗಿಂತಲೂ ಗಡಸು. ಬೆಳಿಗ್ಗೆ ಬಂದು ಕಾರು ಒರೆಸಿ ಹೋಗುವವರು ನಾಲ್ಕು ಮನೆಗೆ ಒಂದೇ ಬಕೆಟ್ಟಿನ ನೀರು ಸಾಗಿಸಿದರೆ, ಮೂರು ಕಾರುಗಳ ಧೂಳನ್ನು ನಾಲ್ಕನೆಯದಕ್ಕೆ ಬಟ್ಟೆಯಲ್ಲಿ ಉಜ್ಜಿದಂತೆಯೇ. ತಿಂಗಳ ಸಂಬಳದಲ್ಲಿ ಚೌಕಾಸಿ ಮಾಡುವ ನಾವು ಹೊಸ ನೀರು, ಹೊಸ ಬಟ್ಟೆ ಕೊಡುವುದರಲ್ಲೂ ಜಿಪುಣರು, ತಪ್ಪು ಅವರದ್ದಷ್ಟೇ ಅಲ್ಲ. ಇನ್ನು ಆಷಾಢದ ಗಾಳಿ. ಕಾರಿಗೆ ಕವರ್ ಹೊದಿಸಿದ್ದರೆ ಅದು ಪಟಪಟ ಬಡಿದುಕೊಳ್ಳುತ್ತ ಒಳಗೆ ಸೇರಿದ ಧೂಳಿನಿಂದ ದಿನವಿಡೀ ದೀಪವನ್ನು ತೀಡುತ್ತದೆ. ಕವರ್ ಹೊದಿಸಬೇಡಿ ಎಂದಲ್ಲ. ತೊಳೆದ ಕಾರಿಗೆ ಹೊದಿಸಿ, ಗಾಳಿಗೆ ಹಾರದಂತೆ ಕಟ್ಟಿ. ಮಂಡ್ಯ, ಶ್ರೀರಂಗಪಟ್ಟಣದ ಗದ್ದೆಬಯಲು ದಾಟಿ ರಾತ್ರಿ ಊರಿಗೆ ಬಂದಾಗ ದೀಪಕ್ಕೆ ಮೆತ್ತಿರುವ ಹುಳುಗಳನ್ನು ಒಣಗಿದಂತೆಯೇ ಕೆರೆಯಬಾರದು. ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಸಿಟ್ಟರೆ ತಾವಾಗಿ ಬಿಡುತ್ತವೆ.

ಚಂದಕ್ಕಾಗಿ ಮಾತ್ರ ಈ ಕೆಲಸ ಎಂದುಕೊಂಡವರಿಗೆ ಒಂದು ಲೆಕ್ಕ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಬ್ಬಾದ ದೀಪ ಡಿಮ್ ಬೆಳಕಿನಲ್ಲಿ ಹೊಸ ದೀಪದ ಶೇ 22ರಷ್ಟು ಬೆಳಕನ್ನಷ್ಟೇ ಕೊಟ್ಟಿತು. ಉಜ್ಜಿ ಸರಿಪಡಿಸಿದ ಮೇಲೆ ಅದು ಶೇ 70ರ ಹತ್ತಿರಕ್ಕೆ ಬಂತು. ಕಳೆದುಹೋದ ಬೆಳಕೆಲ್ಲ ಮಾಯವಾಗುವುದೂ ಇಲ್ಲ. ಅದು ಮಬ್ಬಿನಲ್ಲಿ ಚದುರಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಂದು ಕಾಲದಲ್ಲಿ ಎದುರಿನವರ ಕಣ್ಣು ಕುಕ್ಕದಿರಲೆಂದು ಹೆಡ್‌ಲೈಟಿಗೆ ಕಪ್ಪು ಬಣ್ಣದ ಬೊಟ್ಟು ಇಡಿಸುತ್ತಿದ್ದರು. ಈಗ ಬೊಟ್ಟಿಲ್ಲ, ಮಬ್ಬಿದೆ. ನಮಗೆ ರಸ್ತೆ ಕಾಣದು, ಎದುರಿನವರಿಗೂ ಕಾಣದು. ಸರ್ವಿಸ್ ರಸ್ತೆಯಲ್ಲಿ ಹಿಂದೆ ದೀಪವಿಲ್ಲದೆ ಸಾಗುವ ಕಬ್ಬಿನ ಗಾಡಿಯನ್ನು ನೆನೆಸಿಕೊಂಡರೆ ಶೇ 22 ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೆಳಕು ಸಾಲದೆಂದು ಕೆಲವರು 60/55 ವಾಟಿನ ಬಲ್ಬಿನ ಜಾಗಕ್ಕೆ 100/90 ಹಾಕಿಸುತ್ತಾರೆ. ಮಬ್ಬು ಹಾಗೇ ಇರುವಾಗ ಹೆಚ್ಚುವುದು ಚದುರುವ ಬೆಳಕು ಮತ್ತು ಒಳಗಿನ ಶಾಖ. ಆ ಶಾಖಕ್ಕೆ ಪ್ರತಿಫಲಕ ಕಂದುತ್ತದೆ. ಅದಕ್ಕೆ ಮನೆಮದ್ದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಲೋಟ ನೀರು ಸಾಕು, ಪರೀಕ್ಷೆಗೆ. ದೀಪದ ಮೇಲೆ ನೀರು ಸುರಿದು ನೋಡಿ. ಒದ್ದೆಯಾದ ಕೂಡಲೇ ತಿಳಿಯಾದರೆ ದೋಷ ಹೊರಮೈಯಲ್ಲಿದೆ. ಗೀರುಗಳ ತಗ್ಗಿನಲ್ಲಿ ಗಾಳಿಯ ಬದಲು ನೀರು ತುಂಬಿತು, ನೀರು ಬೆಳಕನ್ನು ಬಾಗಿಸುವ ಬಗೆ ಪ್ಲಾಸ್ಟಿಕ್ಕಿಗೆ ಹತ್ತಿರವಾದ್ದರಿಂದ ಚದುರುವಿಕೆ ಕಡಿಮೆಯಾಯಿತು. ಇಂಥ ದೀಪ ದುರಸ್ತಿಗೆ ಒಳ್ಳೆಯ ಗಿರಾಕಿ. ಒದ್ದೆಯಾದರೂ ಮಬ್ಬು ಹಾಗೇ ನಿಂತರೆ ಒಳಗಡೆ ಆವಿ ಸೇರಿದೆ, ಇಲ್ಲವೇ ಪ್ಲಾಸ್ಟಿಕ್ಕಿನ ಆಳದಲ್ಲೇ ನವಿರಾದ ಬಿರುಕುಗಳಿವೆ. ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಬಿಡಿ ಗೀರುಗಳಿಗೆ ಉಗುರಿನ ಪರೀಕ್ಷೆ. ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಂಡರೆ ಗೀರು ಆಳ. ಪ್ಲಾಸ್ಟಿಕ್ 2-3 ಮಿಲಿಮೀಟರ್ ದಪ್ಪವಿರುವುದರಿಂದ ಅದನ್ನೂ ತೆಗೆಯಬಹುದು, ಆದರೆ ಸುತ್ತಲಿನದ್ದನ್ನೆಲ್ಲ ಆ ಆಳಕ್ಕೆ ಇಳಿಸಬೇಕಾಗುತ್ತದೆ. ಅಂಚು ಮೃದುವಾಗುವಷ್ಟು ಉಜ್ಜಿ ಬಿಟ್ಟುಬಿಡುವುದು ನನ್ನ ಸಲಹೆ. ಒಂದೆರಡು ಆಳದ ಗೀರಿನಿಂದ ಬೆಳಕು ಕೆಡುವುದಿಲ್ಲ, ಮುಖವಿಡೀ ಹಬ್ಬಿದ ಮಬ್ಬಿನಿಂದ ಕೆಡುತ್ತದೆ.

ಈ ನೀರಿನ ಪರೀಕ್ಷೆ ಅರ್ಥವಾದರೆ ಅರ್ಧ ಮನೆಮದ್ದುಗಳ ಗುಟ್ಟು ರಟ್ಟಾದಂತೆ. ಕೊಬ್ಬರಿಎಣ್ಣೆ ಸವರಿದಾಗ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಾಗ ದೀಪ ಹೊಳೆಯುವುದು ಇದೇ ಕಾರಣಕ್ಕೆ. ಎಣ್ಣೆ ಗೀರು ತುಂಬಿತು, ಅಷ್ಟೆ. ಒಂದು ಮಳೆಗೆ ತೊಳೆದುಹೋಗುತ್ತದೆ, ಅಷ್ಟರೊಳಗೆ ಧೂಳನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಟೂತ್‌ಪೇಸ್ಟಿನ ಕಥೆ ಬೇರೆ. ಅದರಲ್ಲಿ ಸುಣ್ಣಕಲ್ಲಿನ ಪುಡಿ ಅಥವಾ ಸಿಲಿಕಾ ಇರುವುದರಿಂದ ನಿಜವಾಗಿಯೂ ಸ್ವಲ್ಪ ಉಜ್ಜುತ್ತದೆ. ತೆಳು ಮಬ್ಬು ಹೋಗುತ್ತದೆ, ಕೆಲವು ವಾರ ನೆಮ್ಮದಿ. ಥಿನ್ನರ್, ಪೆಟ್ರೋಲು, ಅಸಿಟೋನು ಹಾಕಿ ಒರೆಸುವುದು ಮಾತ್ರ ಶುದ್ಧ ಅವಿವೇಕ. ಪಾಲಿಕಾರ್ಬನೇಟಿಗೆ ಇಂಥ ದ್ರಾವಕ ಸೋಕಿದರೆ ಜೇಡರಬಲೆಯಂಥ ಬಿರುಕು ಬಿಡುತ್ತದೆ, ಕೆಲವೊಮ್ಮೆ ಅಲ್ಲೇ, ಕೆಲವೊಮ್ಮೆ ವಾರಗಳ ಮೇಲೆ. ಮೊಬೈಲಿನಲ್ಲಿ ಈಗ ಹೆಚ್ಚು ಹರಿದಾಡುತ್ತಿರುವುದು ಆವಿಯ ಮ್ಯಾಜಿಕ್. ವಿದ್ಯುತ್ ಲೋಟದಲ್ಲಿ ಏನೋ ದ್ರವ ಕಾಯಿಸಿ, ಕೊಳವೆಯಿಂದ ಅದರ ಹೊಗೆಯನ್ನು ದೀಪಕ್ಕೆ ಹಿಡಿದರೆ ಮಬ್ಬು ಕಣ್ಣೆದುರೇ ಕರಗುತ್ತದೆ. ಕರಗುತ್ತಿರುವುದು ಪ್ಲಾಸ್ಟಿಕ್ಕೇ. ಡೈಕ್ಲೋರೋಮೀಥೇನಿನಂಥ ಕ್ಲೋರಿನ್ ದ್ರಾವಕಗಳ ಆವಿ ಮೇಲ್ಮೈಯನ್ನು ಕರಗಿಸಿ ಸಮ ಮಾಡುತ್ತದೆ. ಆ ಹೊಗೆ ಉಸಿರಾಡುವವರಿಗೆ ವಿಷ, ದೀಪಕ್ಕೆ ಮುಂದೆ ಬಿರುಕಿನ ಭಯ. ಮನೆಯಂಗಳದಲ್ಲಿ, ಮಕ್ಕಳ ಎದುರು ಮಾಡುವ ಕೆಲಸ ಖಂಡಿತ ಅಲ್ಲ.

ಸರಿಯಾದ ದಾರಿ ನಿಧಾನದ್ದು. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳಿ, 800, 1000, 1500, 2000ರ ಹಾಳೆಗಳು ಒಂದೊಂದು, ಸಿಕ್ಕರೆ 3000 ಕೂಡ. ನಂಬರು ಏರಿದಷ್ಟೂ ನುಣುಪು. ಮರಗೆಲಸದವರು ಬಳಸುವ ಒಣ ಎಮರಿ ಪೇಪರ್ ಇದಕ್ಕಾಗದು. ಜೊತೆಗೆ ಮಾಸ್ಕಿಂಗ್ ಟೇಪು, ರಬ್ಬಿಂಗ್ ಕಾಂಪೌಂಡು, ಮೈಕ್ರೋಫೈಬರ್ ಬಟ್ಟೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಶ್ಯಾಂಪೂ ಹಾಕಿ ದೀಪ ತೊಳೆಯಿರಿ. ಮರಳಿನ ಒಂದು ಕಣ ಉಳಿದರೂ ಕಾಗದದಡಿ ಸಿಕ್ಕಿ ಹೊಸ ಗೀರು ಎಳೆಯುತ್ತದೆ. ದೀಪದ ಸುತ್ತಲ ಬಾನೆಟ್ಟು, ಬಂಪರಿಗೆ ಎರಡು ಮೂರು ಪದರ ಟೇಪು ಅಂಟಿಸಿ. ಕೈತಪ್ಪಿ ಬಣ್ಣಕ್ಕೆ ಒಮ್ಮೆ ತಗುಲಿದರೆ ಹೆಡ್‌ಲೈಟಿನ ರಿಪೇರಿಗಿಂತ ದುಬಾರಿ.

ಕಾಗದವನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಸಿ. ನೀರಿಗೆ ಎರಡು ಹನಿ ಶ್ಯಾಂಪೂ ಇದ್ದರೆ ಜಾರಿಕೆ ಚೆನ್ನಾಗಿರುತ್ತದೆ. ಲೇಪ ಸಿಪ್ಪೆಯೇಳುತ್ತಿದ್ದರೆ 800ರಿಂದ, ಬರೀ ಹಳದಿಯಾದರೆ 1000ದಿಂದ ಶುರು. ಅಡ್ಡಡ್ಡಲಾಗಿ, ಹಗುರ ಒತ್ತಡದಲ್ಲಿ, ನೀರು ಬಿಡುತ್ತಲೇ ಉಜ್ಜಬೇಕು. ಮೊದಮೊದಲು ಇಳಿಯುವ ನೀರು ಹಳದಿ ಮಿಶ್ರಿತ ಗಸಿಯಾಗಿರುತ್ತದೆ. ಸತ್ತ ಲೇಪ ಹೋಗುತ್ತಿದೆ ಎಂದು ಅರ್ಥ. ಆ ನೀರು ಅಪ್ಪಟ ಬಿಳಿಯಾಗುವವರೆಗೆ ನಿಲ್ಲಿಸಬಾರದು. ಬಹಳ ಜನ ಎಡವುವುದು ಇಲ್ಲೇ. ಮಧ್ಯಭಾಗ ತಿಳಿಯಾಗಿ ಅಂಚಿನಲ್ಲಿ ಹಳೆಯ ಲೇಪದ ದ್ವೀಪಗಳು ಉಳಿದಿರುತ್ತವೆ, ಅವು ಆಮೇಲೆ ಕಲೆಯಾಗಿ ಎದ್ದು ಕಾಣುತ್ತವೆ. ಮುಂದಿನ ನಂಬರಿಗೆ ಹೋದಾಗ ಉಜ್ಜುವ ದಿಕ್ಕು ಬದಲಿಸಿ. 1000 ಅಡ್ಡಡ್ಡ ಆದರೆ 1500 ಉದ್ದುದ್ದ. ಹಿಂದಿನ ಕಾಗದದ ಅಡ್ಡ ಗೆರೆಗಳು ಪೂರ್ತಿ ಅಳಿದಾಗಷ್ಟೇ ಈ ಕಾಗದದ ಕೆಲಸ ಮುಗಿಯಿತೆಂದು ಅರ್ಥ, ಅದು ಗೊತ್ತಾಗಲು ಇದೊಂದೇ ಗುರುತು. ಪ್ರತಿ ನಂಬರಿನ ನಡುವೆ ತೊಳೆದು ಒರೆಸಿ ನೋಡಿ.

2000 ಮುಗಿದು ಒಣಗಿದಾಗ ದೀಪ ಮುಖವಿಡೀ ಬೆಳ್ಳಗೆ ಮಂಜು ಹಿಡಿದ ಹಾಗೆ ಕಾಣುತ್ತದೆ. ಮನೆಯವರು ಬಾಗಿಲಿಗೆ ಬಂದು ‘ಇದ್ದದ್ದನ್ನೂ ಹಾಳು ಮಾಡಿದಿರಿ’ ಅನ್ನುವ ಹೊತ್ತು ಅದು. ಗಾಬರಿ ಬೇಡ. ಮಂಜು ಎಲ್ಲ ಕಡೆ ಒಂದೇ ಸಮ ಇದೆಯೇ ಎಂಬುದಷ್ಟೇ ಮುಖ್ಯ. ಕಾಂಪೌಂಡು ಹಾಕಿ ಬಟ್ಟೆಯಲ್ಲಿ ತಿಕ್ಕುತ್ತ ಹೋದರೆ ಹೊಳಪು ಬರುತ್ತದೆ. ಡ್ರಿಲ್ ಮೆಷಿನ್ನಿಗೆ ಸ್ಪಂಜು ಸಿಕ್ಕಿಸಿ ಬಫಿಂಗ್ ಮಾಡುವವರು ಒಂದೇ ಕಡೆ ನಿಲ್ಲಿಸಬಾರದು. ಪಾಲಿಕಾರ್ಬನೇಟ್ ಸುಮಾರು 147 ಡಿಗ್ರಿಗೆ ಮೆತ್ತಗಾಗುತ್ತದೆ, ತಿಕ್ಕಾಟದ ಬಿಸಿ ಅಲ್ಲಿಯತನಕ ಏರಲು ಹೆಚ್ಚು ಹೊತ್ತು ಬೇಡ.

ವಿಡಿಯೋಗಳು ಮುಗಿಯುವುದು ಇಲ್ಲಿ. ದೀಪ ಈಗ ಶೋರೂಮಿನಿಂದ ಬಂದಂತಿದೆ. ಆದರೆ ಕಾರ್ಖಾನೆಯ ಲೇಪವನ್ನು ನಾವೇ ಕೆರೆದು ತೆಗೆದಿದ್ದೇವೆ, ಅದರಡಿಯ ಬರಿಮೈ ಪ್ಲಾಸ್ಟಿಕ್ ಹೊರಬಿದ್ದಿದೆ. ಹಳೆಯ ಬಾಗಿಲಿನ ಪಾಲಿಷ್ ಕೆರೆದು ಬರಿಮರವನ್ನು ಮಳೆಗೆ ಬಿಟ್ಟಂತೆ ಇದು. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ, ಈ ಸಲ ಇನ್ನೂ ಬೇಗ. ‘ಮಾಡಿಸಿದ್ದೆ, ನಿಲ್ಲಲಿಲ್ಲ’ ಎನ್ನುವವರನ್ನು ಕೇಳಿ ನೋಡಿ, ಬಹುತೇಕರು ಲೇಪದ ಮಾತೇ ಎತ್ತುವುದಿಲ್ಲ. ಅಂಗಡಿಯ ಪಾಲಿಷ್ ಕೆಲಸದಲ್ಲೂ ಅನೇಕ ಕಡೆ ಅದು ಇರುವುದಿಲ್ಲ. ಹಣ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆ ಅದೊಂದೇ.

ಮೇಣದ ವ್ಯಾಕ್ಸ್ ಹಚ್ಚಿದರೆ ತಿಂಗಳು ಎರಡು ತಿಂಗಳು, ಮತ್ತೆ ಮತ್ತೆ ಹಚ್ಚುವ ಶ್ರದ್ಧೆಯಿದ್ದರೆ ಅದೂ ನಡೆದೀತು. ಒರೆಸಿ ಹಚ್ಚುವ, ಅತಿನೇರಳೆ ತಡೆಯುವ ಸೀಲೆಂಟುಗಳು ಇನ್ನೂ ಹೆಚ್ಚು ಬಾಳುತ್ತವೆ. ಡಬ್ಬಿಯ ಕ್ಲಿಯರ್ ಲ್ಯಾಕರ್ ಸ್ಪ್ರೇ ಕೊಳ್ಳುವಾಗ ಅತಿನೇರಳೆ ತಡೆ ಇದೆಯೇ ಎಂದು ಡಬ್ಬಿಯ ಮೇಲೆ ಓದಿ. ಬರೀ ಹೊಳಪಿನ ಲ್ಯಾಕರ್ ತಾನೇ ಹಳದಿಯಾಗುತ್ತದೆ. ಎಲ್ಲಕ್ಕಿಂತ ಗಟ್ಟಿ ಎಂದರೆ ಕಾರಿನ ಬಣ್ಣದ ಮೇಲೆ ಹೊಡೆಯುವ, ಹಾರ್ಡ್‌ನರ್ ಬೆರೆಸುವ ಟೂಕೆ ಕ್ಲಿಯರ್ ಕೋಟ್. ಅದರ ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದನ್ನು ಉಸಿರಾಡಿದರೆ ಆಸ್ತಮಾ ಹಿಡಿಯುವ ಅಪಾಯ ನಿಜವಾದದ್ದು, ಮೂಗಿಗೆ ಕರವಸ್ತ್ರ ಕಟ್ಟಿದರೆ ಏನೂ ತಡೆಯದು. ಮನೆಯಲ್ಲಿ ಇದನ್ನು ಹೊಡೆಯಬೇಡಿ.

ಡಬ್ಬಿಯ ಸ್ಪ್ರೇ ಹೊಡೆಯುವುದಾದರೂ ದಿನ ನೋಡಬೇಕು. ಪಂಚಾಂಗದ್ದಲ್ಲ, ಹವೆಯದ್ದು. ಮಳೆಗಾಲದ ತೇವಕ್ಕೆ ಲೇಪ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಆಷಾಢದ ಗಾಳಿ ಎದುರು ಸೈಟಿನ ಮಣ್ಣನ್ನೆಲ್ಲ ತಂದು ಹಸಿ ಲೇಪಕ್ಕೆ ಮೆತ್ತುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣ ದಿನಗಳು ನಮ್ಮ ಊರಿಗೆ ಒಳ್ಳೆಯವು, ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು. ಲೇಪಕ್ಕೆ ಮುನ್ನ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಮ್ಮೆ ಒರೆಸಿ. ಪಾಲಿಷಿನ ಜಿಡ್ಡು ಉಳಿದರೆ ಲೇಪ ಹಿಡಿಯದು. ದಪ್ಪಗೆ ಒಂದು ಸಲಕ್ಕಿಂತ ತೆಳ್ಳಗೆ ಮೂರು ಸಲ ಮೇಲು, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು ಕೊಟ್ಟು. ಆಮೇಲೆ ಎರಡು ದಿನ ನೀರು ಸೋಕಿಸಬೇಡಿ. ದಿನವೂ ಒರೆಸುವವರಿಗೆ ಮೊದಲೇ ಹೇಳಿಡಿ.

ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಏರ್ಪಾಡೊಂದಿದೆ. ಬೆವರು ಸುರಿಸುವ ಭಾಗ, ಎಂದರೆ ಟೇಪು ಹಚ್ಚಿ 2000ದವರೆಗೆ ಉಜ್ಜುವುದನ್ನು ಮನೆಯಲ್ಲೇ ಮುಗಿಸಿ, ಕಾಂಪೌಂಡು ಹಾಕದೆ ನಿಲ್ಲಿಸಿ. ನವಿರು ಗೆರೆಗಳನ್ನು ಕ್ಲಿಯರ್ ಕೋಟೇ ತುಂಬಿಕೊಳ್ಳುತ್ತದೆ, ಸ್ವಲ್ಪ ಒರಟಿದ್ದರೆ ಅದಕ್ಕೆ ಹಿಡಿತವೂ ಸಿಗುತ್ತದೆ. ಹಾಗೇ ಮಬ್ಬಾಗಿರುವ ದೀಪದೊಂದಿಗೆ, ಹಗಲಿನಲ್ಲಿ, ಗೊತ್ತಿರುವ ಟಿಂಕರಿಂಗ್-ಪೇಂಟಿಂಗ್ ಅಂಗಡಿಗೆ ಹೋಗಿ. ಅಲ್ಲಿ ದಿನವೂ ಯಾರದೋ ಬಂಪರಿಗೆ, ಬಾಗಿಲಿಗೆ ಟೂಕೆ ಹೊಡೆಯುತ್ತಿರುತ್ತಾರೆ. ಗನ್ನು, ಕಂಪ್ರೆಸರು ಅವರಲ್ಲಿದೆ, ಸರಿಯಾದ ಮಾಸ್ಕ್ ಇದೆಯೇ ಎಂದು ನೀವೂ ಒಮ್ಮೆ ಕೇಳಿ. ಬೆರೆಸಿದ ಕ್ಲಿಯರಿನಲ್ಲಿ ಮಿಕ್ಕದ್ದನ್ನು ಕೆಲ ಗಂಟೆಗಳಲ್ಲಿ ಚೆಲ್ಲಲೇಬೇಕು, ಗಟ್ಟಿಯಾಗಿಬಿಡುತ್ತದೆ. ‘ಮುಂದಿನ ಗಾಡಿಗೆ ಕ್ಲಿಯರ್ ಹೊಡೆಯುವಾಗ ಇದಕ್ಕೂ ಎರಡು ಕೋಟು ಹೊಡೆದುಬಿಡಿ’ ಎಂದರೆ ಇಲ್ಲವೆನ್ನುವವರು ಕಡಿಮೆ. ಹೊಸ ಜೋಡಿ ದೀಪಕ್ಕೆ ಸಾವಿರಗಟ್ಟಲೆ, ಎಲ್‌ಇಡಿಯದ್ದಾದರೆ ಹತ್ತಾರು ಸಾವಿರ ಕೊಡುವುದಕ್ಕೆ ಹೋಲಿಸಿದರೆ ಅವರು ಕೇಳುವುದು ಏನೂ ಅಲ್ಲ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ, ಟೇಪನ್ನು ನೀವೇ ಅಂಟಿಸಿಕೊಂಡು ಹೋಗಿ.